ಗಂಟೆ ಹೊಡೆದು ಪೈಪು ಬಿಚ್ಚು

ನಾನು ಗ್ಯಾರೇಜು ಬಿಟ್ಟ ಮಾರನೆಯ ದಿನವೇ ನನ್ನ ಹೆಂಡತಿ ನನ್ನ ಖಾಕಿ ಅಂಗಿಗಳನ್ನೆಲ್ಲ ಮೂಟೆ ಕಟ್ಟಿ ಬಾಗಿಲ ಹೊರಗಿಟ್ಟಳು. "ಇಷ್ಟು ವರ್ಷ ಪೆಟ್ರೋಲ್ ಬಂಕ್ ಜೊತೆ ಸಂಸಾರ ಮಾಡ್ದಂಗಾಯ್ತು ನಂಗೆ. ಇನ್ಮೇಲಾದ್ರೂ ಮನೇಲಿ ಒಗ್ಗರಣೆ ವಾಸ್ನೆ ಬರ್ಲಿ," ಎಂದಳು. ಅಂಗಿ ಹೋಯಿತು, ವಾಸನೆ ಹೋಗಲಿಲ್ಲ. ಅದು ಚರ್ಮದೊಳಗೆ ಇಳಿದುಬಿಟ್ಟಿದೆ. ಈಗಲೂ ಬಸ್ಸಿನಲ್ಲಿ ಕೂತರೆ ಪಕ್ಕದವರು ಮೂಗರಳಿಸಿ ಅತ್ತಿತ್ತ ನೋಡುತ್ತಾರೆ. ನಾನೂ ಏನೂ ಗೊತ್ತಿಲ್ಲದವನ ಹಾಗೆ ಅವರ ಜೊತೆ ಅತ್ತಿತ್ತ ನೋಡುತ್ತೇನೆ.

ಮೋಟರ್‌ಸೈಕಲ್ ರಿಪೇರಿ ಕಲಿಯಲು ಹೊರಟ ಹುಡುಗರು, ಈಚೆಗೆ ಹುಡುಗಿಯರೂ, ಆಗಾಗ ಮನೆ ಹುಡುಕಿಕೊಂಡು ಬಂದು ಕೇಳುತ್ತಾರೆ: "ಸೀನಣ್ಣ, ಮೊದ್ಲು ಏನ್ ಕಲೀಬೇಕು?" ನಾನು ಎಂಜಿನ್ನು ಬಿಚ್ಚುವುದು ಎನ್ನುತ್ತೇನೆಂದು ಕಾಯುತ್ತಾರೆ. ನಾನು ಫ್ಯುಯೆಲ್ ಫಿಲ್ಟರ್ ಬದಲಾಯಿಸುವುದು ಎಂದ ತಕ್ಷಣ ಮುಖ ಸಪ್ಪೆಯಾಗುತ್ತದೆ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನೆಯ ಒಂದು ಡಬ್ಬಿ. ಪೆಟ್ರೋಲಿನ ಕಸ ಹಿಡಿಯುವ ಜರಡಿ. ಹಳೆಯದು ತೆಗೆ, ಹೊಸದು ಹಾಕು, ಅಷ್ಟೇ ತಾನೆ? ಅಷ್ಟೇ ಅಲ್ಲ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಆ ಡಬ್ಬಿಯ ದೆಸೆಯಿಂದ ನನ್ನ ಮಾಲೀಕರ ಎರಡು ಕಣ್ಣೂ ಹೋಗುವುದರಲ್ಲಿತ್ತು.

ಮಾಲೀಕರೆಂದರೆ ಮುನಿಯಪ್ಪಣ್ಣ. ಕತ್ರಿಗುಪ್ಪೆ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲಿದ್ದ ಮನೆತನ. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಲೇಔಟ್ ಆಗಿ ಹೋಯಿತು. ಉಳಿದ ಒಂದು ಮೂಲೆ ಸೈಟಿನಲ್ಲಿ ಕೆಳಗೆ ಗ್ಯಾರೇಜು, ಮೇಲೆ ಮನೆ. ಕೆಳಗಿನದನ್ನು ಬಾಡಿಗೆಗೆ ಬಿಟ್ಟು ಕಾಲ ಮೇಲೆ ಕಾಲು ಹಾಕಿ ಕೂರಬಹುದಿತ್ತು. ಆದರೆ ಅವರಿಗೆ ಕೂರಲು ಬರುತ್ತಿರಲಿಲ್ಲ. ಕೂತರೆ ಗಾಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂರಬೇಕು, ಕೈಯಲ್ಲಿ ಸ್ಪ್ಯಾನರ್ ಇರಬೇಕು, ಯಾರನ್ನಾದರೂ ಬೈಯುತ್ತಿರಬೇಕು. ಬೈಸಿಕೊಳ್ಳಲು ನಾನಿದ್ದೆ.

ಅವರದೊಂದು ಪದ್ಧತಿಯಿತ್ತು. ಅವರಪ್ಪ ಹೊಲಕ್ಕೆ ನೇಗಿಲು ಇಳಿಸುವ ಮುಂಚೆ ಬದುವಿನ ಮೇಲೆ ಕರ್ಪೂರ ಹಚ್ಚಿ ಕೈ ಮುಗಿಯುತ್ತಿದ್ದರಂತೆ. ಮಗ ಗಾಡಿಗೆ ಸ್ಪ್ಯಾನರ್ ಇಡುವ ಮುಂಚೆ ಹಚ್ಚುತ್ತಿದ್ದರು. ಒಂದು ಒಡೆದ ಹೆಂಚಿನ ಚೂರು, ಅದರ ಮೇಲೆ ಒಂದು ಬಿಲ್ಲೆ ಕರ್ಪೂರ. ಹೆಂಚನ್ನು ಗಾಡಿಯ ಮುಂದಿನ ಚಕ್ರದ ಪಕ್ಕ ಇಟ್ಟು, ಬೆಂಕಿ ಹಚ್ಚಿ, ಕೈ ಮುಗಿದು, ಅದು ಉರಿಯುತ್ತಿರುವಾಗಲೇ ಕೆಲಸ ಶುರು. ಪಂಕ್ಚರ್ ಆದರೂ ಕರ್ಪೂರ, ಎಂಜಿನ್ ಬಿಚ್ಚಿದರೂ ಕರ್ಪೂರ. ನಾನು ಹೊಸದಾಗಿ ಸೇರಿದ್ದಾಗ ಒಮ್ಮೆ, "ಅಣ್ಣ, ಇದು ಸಿಮೆಂಟ್ ನೆಲ, ಹೊಲ ಅಲ್ವಲ್ಲ," ಎಂದಿದ್ದೆ.

"ಸಿಮೆಂಟ್ ಮ್ಯಾಲೆ ಹಾಕವ್ರೆ ಕಣ್ಲಾ. ಕೆಳಗಿರೋ ನಮ್ಮಪ್ಪನ ಮಣ್ಣು ಎಲ್ಲಿಗೋಯ್ತದೆ?" ಎಂದರು. ನಾನು ಹೋಗಿ ಕರ್ಪೂರದ ಡಬ್ಬಿ ತುಂಬಿಸಿಟ್ಟೆ.

ಕಾರ್ಬುರೇಟರ್ ಕಾಲದಲ್ಲಿ ಅದೆಲ್ಲ ನಡೆದುಹೋಯಿತು. ಆಗ ಪೆಟ್ರೋಲು ಟ್ಯಾಂಕಿನಿಂದ ತನ್ನ ಪಾಡಿಗೆ ಕೆಳಗಿಳಿಯುತ್ತಿತ್ತು. ಟ್ಯಾಂಕಿನಡಿಯ ಕಾಕ್ ತಿರುಗಿಸಿದರೆ ನಿಲ್ಲುತ್ತಿತ್ತು. ಪೈಪು ಎಳೆದರೆ ಒಂದೆರಡು ತೊಟ್ಟು ಬೀಳುತ್ತಿತ್ತು, ಒರೆಸಿದರೆ ಮುಗಿಯಿತು. ಮುನಿಯಪ್ಪಣ್ಣ ಪೈಪನ್ನು ಬಾಯಿಯಿಂದಲೇ ಎಳೆದು, ತುಪ್ಪಿ, ಅದು ಯಾವ ಬಂಕಿನ ಪೆಟ್ರೋಲು ಎಂದು ಹೇಳುತ್ತಿದ್ದರು. "ಸೀಮೆಣ್ಣೆ ಬೆರ್ಸವ್ನೆ ಕಳ್ಳನನ್ಮಗ" ಎಂದರೆ ಬೆರೆಸಿದ್ದಾರೆ ಎಂದೇ ಅರ್ಥ. ಇದನ್ನು ನೀವು ಖಂಡಿತ ಮಾಡಬೇಡಿ. ಅವರ ಹೊಟ್ಟೆ ಕಬ್ಬಿಣದ್ದು, ನಿಮ್ಮದು ನೂಡಲ್ಸ್ ತಿಂದ ಹೊಟ್ಟೆ.

ಆಮೇಲೆ ಇಂಜೆಕ್ಷನ್ ಗಾಡಿಗಳು ಬಂದವು. ಮೊದಮೊದಲು ಒಂದೋ ಎರಡೋ, ಈಗ ಎಲ್ಲವೂ ಅದೇ. ಇವುಗಳಲ್ಲಿ ಪೆಟ್ರೋಲು ತನ್ನ ಪಾಡಿಗೆ ಇಳಿಯುವುದಿಲ್ಲ. ಟ್ಯಾಂಕಿನೊಳಗೆ ಒಂದು ಪಂಪು ಕೂತಿರುತ್ತದೆ. ಬೀಗದ ಕೈ ತಿರುಗಿಸಿದ ಕೂಡಲೇ ಅದು ಝುಂಯ್ ಎಂದು ಪೆಟ್ರೋಲನ್ನು ಪೈಪಿನೊಳಗೆ ಒತ್ತಿ ಹಿಡಿಯುತ್ತದೆ. ಎಂಜಿನ್ನು ನಿಲ್ಲಿಸಿದರೂ ಆ ಒತ್ತಡ ಪೈಪಿನಲ್ಲಿ ಹಾಗೇ ಉಳಿದಿರುತ್ತದೆ. ಗಿಡಕ್ಕೆ ನೀರು ಬಿಡುವ ಪೈಪಿನ ಬಾಯನ್ನು ಬೆರಳಿಂದ ಮುಚ್ಚಿ ನೋಡಿದ್ದೀರಲ್ಲ, ಬೆರಳು ಸ್ವಲ್ಪ ಸಡಿಲವಾದರೆ ನೀರು ಎಲ್ಲಿಗೆ ಹಾರುತ್ತದೆ ಎಂದು ಗೊತ್ತಿದೆಯಲ್ಲ, ಅದೇ ಲೆಕ್ಕ. ನೀರಿನ ಬದಲು ಪೆಟ್ರೋಲು.

ಈ ವಿಷಯ ನನಗೆ ಗೊತ್ತಾದದ್ದು ಜೆ.ಪಿ. ನಗರದ ಒಂದು ಹೋಟೆಲಿನ ಹಾಲ್‌ನಲ್ಲಿ. ಯಾವುದೋ ಕಂಪನಿಯವರು ಮೆಕ್ಯಾನಿಕ್‌ಗಳಿಗೆಲ್ಲ ತರಬೇತಿ ಇಟ್ಟಿದ್ದರು. ಮುನಿಯಪ್ಪಣ್ಣನನ್ನೇ ಕರೆದಿದ್ದರು. ಅವರು, "ನಂಗೇನ್ ಕಲಿಸ್ತಾರೆ ಅವ್ರು, ನೀನೋಗಿ ಊಟ ಮಾಡ್ಕಂಡು ಬಾ," ಎಂದು ನನ್ನನ್ನು ಕಳಿಸಿದರು. ಊಟವನ್ನೂ ಮಾಡಿದೆ, ಪಾಠವನ್ನೂ ಕೇಳಿದೆ. ಸಂಜೆ ಬಂದು, "ಅಣ್ಣ, ಇಂಜೆಕ್ಷನ್ ಗಾಡೀಲಿ ಪೈಪ್ ಬಿಚ್ಚೋಕ್ ಮುಂಚೆ ಪ್ರೆಷರ್ ಬಿಡ್ಬೇಕಂತೆ. ಸುತ್ತಮುತ್ತ ಬೆಂಕಿ ಇರ್ಕೂಡದಂತೆ," ಎಂದೆ.

"ಒಂದಿನ ಏಸಿಲಿ ಕೂತ್ಕಂಡು ಬಂದು ನಂಗೇ ಪಾಠ ಹೇಳ್ತೀಯ? ಕರ್ಪೂರ ಬೆಂಕಿಯೇನ್ಲಾ? ದೇವ್ರು ಕಣ್ಲಾ ಅದು," ಎಂದರು. ಮಾತು ಅಲ್ಲಿಗೆ ಮುಗಿಯಿತು. ದೇವರ ವಿಷಯದಲ್ಲಿ ಮಾಲೀಕರ ಜೊತೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ.

ಸ್ವಲ್ಪ ದಿನಕ್ಕೇ ವಸುಧಾ ಮೇಡಂ ಗಾಡಿ ಬಂತು. ಜಯನಗರದವರು, ಕಾಲೇಜಿನಲ್ಲಿ ಪಾಠ ಮಾಡುವವರು. ಸೀರೆಯುಟ್ಟು ದೊಡ್ಡ ಮೋಟರ್‌ಸೈಕಲ್ ಓಡಿಸುವ ಹೆಂಗಸನ್ನು ನಮ್ಮ ರಸ್ತೆ ಆವರೆಗೆ ನೋಡಿರಲಿಲ್ಲ. ಅವರು ಬಂದರೆ ಎದುರು ಅಂಗಡಿಯ ವೆಲ್ಡರ್ ಪಳನಿ ಮುಖಕ್ಕೆ ಹಿಡಿದ ಕಪ್ಪು ಗಾಜು ಇಳಿಸಿ ನೋಡುತ್ತಿದ್ದ.

"ಅರೆಕೆರೆ ಹತ್ರ ಏರು ಬಂದ್ರೆ ಸಾಕು, ಬಿಕ್ಕಳಿಸುತ್ತೆ ಮುನಿಯಪ್ಪನೋರೆ. ಫಿಲ್ಟರ್ ಬ್ಲಾಕ್ ಆಗಿದೆ ಅನ್ಸುತ್ತೆ. ಹೊಸದು ತಂದಿದೀನಿ. ಸಂಜೆ ಬರ್ತೀನಿ," ಎಂದು ಗಾಡಿ ಬಿಟ್ಟು ಆಟೋ ಹತ್ತಿದರು.

ಆ ಗಾಡಿಯ ಫಿಲ್ಟರು ಟ್ಯಾಂಕಿನ ಹೊರಗೆ, ಪೈಪಿನ ನಡುವೆ ಇತ್ತು. ಮುನಿಯಪ್ಪಣ್ಣನಿಗೆ ಹೊಸ ಗಾಡಿ ಎಂದರೆ ಮಕ್ಕಳ ಹಾಗೆ ಆಸೆ. ಮೀಟರು ಹೇಗೆ ಮಿನುಗುತ್ತದೆ ನೋಡಬೇಕೆಂದು ಬೀಗದ ಕೈ ತಿರುಗಿಸಿದರು. ಪಂಪು ಝುಂಯ್ ಎಂದಿತು. "ಒಳಗಡೆ ದುಂಬಿ ಸೇರ್ಕಂಡೈತೆ," ಎಂದು ನಕ್ಕು ಆಫ್ ಮಾಡಿದರು. ಆಮೇಲೆ ಹೆಂಚು ಇಟ್ಟರು, ಕರ್ಪೂರ ಹಚ್ಚಿದರು, ಕೈ ಮುಗಿದು ಕುಕ್ಕರುಗಾಲಿನಲ್ಲಿ ಕೂತು ಪೈಪಿನ ಕ್ಲಿಪ್ಪು ಸಡಿಲ ಮಾಡಿದರು. ನಾನು ಒಳಗಿನಿಂದ ಬಟ್ಟೆ ಹಿಡಿದು ಬರುತ್ತಿದ್ದವನು, "ಅಣ್ಣ, ತಡೀರಿ, ಪ್ರೆಷರ್ ಬಿಟ್ಟಿಲ್ಲ!" ಎಂದು ಕೂಗಿದೆ.

"ನಂಗೂ ಪ್ರೆಷರ್ ಐತೆ, ಮಾತ್ರೆ ನುಂಗ್ತಾ ಇಲ್ವಾ, ಸುಮ್ಕಿರು," ಎಂದು ಪೈಪನ್ನು ತಿರುವತೊಡಗಿದರು.

ಆಗ ನಾನು ಏನು ಮಾಡಿದೆನೋ ಅದನ್ನು ಯೋಚಿಸಿ ಮಾಡಲಿಲ್ಲ. ಓಡಿ ಬಂದು ಉರಿಯುತ್ತಿದ್ದ ಕರ್ಪೂರದ ಹೆಂಚನ್ನು ಬಲಗಾಲಿನಿಂದ ಒದ್ದೆ. ಅದು ಮೆಟ್ಟಿಲು ಹಾರಿ ರಸ್ತೆಗೆ ಬಿದ್ದು ಪುಡಿಯಾಯಿತು.

ಮುನಿಯಪ್ಪಣ್ಣ ತಲೆ ಎತ್ತಿ ನನ್ನನ್ನು ನೋಡಿದರು. "ಕರ್ಪೂರ ಒದ್ಯಾ?" ಎಂದರು. ಅಷ್ಟರಲ್ಲಿ ಅವರ ಕೈಯಲ್ಲಿದ್ದ ಪೈಪು ಟಪ್ ಎಂದು ಕಳಚಿಕೊಂಡು ಪೆಟ್ರೋಲು ನೇರವಾಗಿ ಅವರ ಕಣ್ಣಿಗೇ ಚಿಮ್ಮಿತು.

ಅವರು ಹಾಗೆ ಕಿರುಚಿದ್ದನ್ನು ನಾನು ಅದಕ್ಕೆ ಮುಂಚೆಯೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಎತ್ತಿಕೊಂಡು ಹೋಗಿ ನಲ್ಲಿಯ ಕೆಳಗೆ ಮುಖ ಹಿಡಿದೆ. ಕಣ್ಣು ಬಿಡಲೊಲ್ಲರು, ಬೆರಳಿಂದ ರೆಪ್ಪೆ ಬಿಡಿಸಿ ನೀರು ಬಿಟ್ಟೆ, ಬಿಡುತ್ತಲೇ ಇದ್ದೆ. ಪಳನಿ ಮರಳು ತಂದು ನೆಲಕ್ಕೆ ಸುರಿದು, ಓಡಿಹೋಗಿ ಆಟೋ ತಂದ. ಜೆ.ಪಿ. ನಗರದ ಆಸ್ಪತ್ರೆಯಲ್ಲಿ ಡಾಕ್ಟರು ಮತ್ತೆ ತೊಳೆದು, ಔಷಧಿ ಹಾಕಿ, ಎರಡು ಕಣ್ಣಿಗೂ ಪಟ್ಟಿ ಕಟ್ಟಿದರು. "ತಕ್ಷಣ ನೀರು ಹಾಕಿದ್ದು ಒಳ್ಳೇದಾಯ್ತು. ಆದ್ರೆ ಮೇಲ್ಪದರಕ್ಕೆ ಪೆಟ್ಟಾಗಿದೆ. ಪಟ್ಟಿ ಬಿಚ್ಚಿದ ಮೇಲೇ ಹೇಳೋಕಾಗೋದು," ಎಂದರು.

ಮುನಿಯಪ್ಪಣ್ಣನ ಹೆಂಡತಿ ಗೌರಮ್ಮಕ್ಕ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ನಾನು ಹತ್ತಿರ ಹೋದರೆ ಮುಖ ಎತ್ತದೆ ಕೇಳಿದರು: "ಕರ್ಪೂರಾನ ಕಾಲಲ್ಲಿ ಒದ್ದೆಯಂತೆ. ಹೌದಾ ಸೀನ?"

"ಹೌದಕ್ಕ," ಎಂದೆ.

"ದೇವ್ರು ಅದಕ್ಕೇ ಹಿಂಗ್ ಮಾಡ್ದ," ಎಂದರು. ಬೈದಿದ್ದರೆ ಚೆನ್ನಾಗಿತ್ತು. ಅಷ್ಟು ಮೆತ್ತಗೆ ಹೇಳಿದ್ದು ತಡೆದುಕೊಳ್ಳಲು ಆಗಲಿಲ್ಲ. ನಾನು ಒದೆಯದೇ ಇದ್ದಿದ್ದರೆ ಅಣ್ಣ ತಲೆ ಎತ್ತುತ್ತಿರಲಿಲ್ಲವೇನೋ, ಪೆಟ್ರೋಲು ಕಣ್ಣಿಗೆ ಬೀಳುತ್ತಿರಲಿಲ್ಲವೇನೋ ಎಂಬ ಯೋಚನೆ ನನಗೂ ಬಂದಿತ್ತು. ಪಳನಿ ನಡುವೆ ಬಾಯಿ ಹಾಕಿದ. "ಅಕ್ಕ, ನಾನು ಮರಳು ಹಾಕ್ದವನು, ನಾನ್ ನೋಡ್ದೆ. ಪೆಟ್ರೋಲ್ ಸೀದಾ ಕರ್ಪೂರ ಇಟ್ಟ ಜಾಗಕ್ಕೇ ಹರ್ಕೊಂಡು ಹೋಗಿತ್ತು. ಅಲ್ಲಿ ಉರೀತಾ ಇದ್ದಿದ್ರೆ ಅಣ್ಣನೇ ಇರ್ತಿರ್ಲಿಲ್ಲ," ಎಂದ. ಮುನಿಯಪ್ಪಣ್ಣ ಒಳಗೆ ಮಲಗಿದ್ದರು. ಅವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ಮನೆಗೆ ಕರೆತಂದ ಮೇಲೆ ಅವರು ಮಹಡಿಯ ಮೇಲೆ ಮಲಗಿರಬೇಕಿತ್ತು. ಎರಡು ದಿನ ಕೂಡ ಮಲಗಲಿಲ್ಲ. ಗೌರಮ್ಮಕ್ಕನ ಭುಜ ಹಿಡಿದು ಮೆಟ್ಟಿಲಿಳಿದು ಬಂದು, "ಸ್ಟೂಲ್ ಹಾಕ್ಲಾ" ಎಂದರು. ಕಣ್ಣಿನ ಮೇಲೆ ಬಿಳಿ ಪಟ್ಟಿ, ಬಾಯಲ್ಲಿ ಎಂದಿನ ಬೈಗುಳ. "ಮ್ಯಾಲೆ ಕೂತ್ರೆ ಗ್ಯಾರೇಜಲ್ಲಿ ಸದ್ದೇ ಇಲ್ಲ. ಸತ್ತೋಗಿದೀರೇನೋ ಅನ್ಕಂಡೆ. ಆ ಮೇಡಂ ಗಾಡಿ ಏನಾಯ್ತು?"

ಗಾಡಿ ಹಾಗೇ ನಿಂತಿತ್ತು. ಪೈಪನ್ನು ಮತ್ತೆ ಸಿಕ್ಕಿಸಿ, ಸೋರುತ್ತದೆಯೇ ಎಂದು ಒಮ್ಮೆ ಬೀಗದ ಕೈ ತಿರುಗಿಸಿ ನೋಡಿ ಬಿಟ್ಟಿದ್ದೆ, ಅಷ್ಟೇ. ವಸುಧಾ ಮೇಡಂ ದಿನಾ ಸಂಜೆ ಬಂದು ಮುನಿಯಪ್ಪಣ್ಣನನ್ನು ವಿಚಾರಿಸಿ, ಗಾಡಿಯ ಸುದ್ದಿಯೇ ಎತ್ತದೆ ಹೋಗುತ್ತಿದ್ದರು. ಅವತ್ತು ಗಾಡಿಯ ಜೊತೆ ಬಂದ ಪುಸ್ತಕ ತಂದಿದ್ದರು. "ಸೀನಣ್ಣ, ಇದ್ರಲ್ಲಿ ಪಂಪ್ ಫ್ಯೂಸ್ ಎಲ್ಲಿದೆ ಅಂತ ಚಿತ್ರ ಇದೆ. ನಾನು ಓದಿ ಹೇಳ್ತೀನಿ, ನೀವು ಮಾಡಿ," ಎಂದರು.

"ಮಾಡು. ನಾನು ಕೇಳುಸ್ಕಂತೀನಿ," ಎಂದರು ಮುನಿಯಪ್ಪಣ್ಣ. ಆಮೇಲೆ, "ಆದ್ರೆ ನಂಗೆ ಕಾಣ್ಸಲ್ಲ. ನೀನು ಯಾವಾಗ ಪೈಪ್ ಬಿಚ್ತೀಯ ಅಂತ ನಂಗೆಂಗ್ ಗೊತ್ತಾಗ್ಬೇಕು?" ಎಂದು ಕೇಳಿದರು. ಆ ದನಿಯಲ್ಲಿ ಭಯವಿತ್ತು. ಅವರೇ ಕೈ ಚಾಚಿ, ಗ್ಯಾರೇಜಿನ ಗೋಡೆಯ ದೇವರ ಪಟದ ಕೆಳಗಿನ ಹಲಗೆ ತಡವಿ, ಪೂಜೆಯ ಹಿತ್ತಾಳೆ ಗಂಟೆ ತೆಗೆದು ನನ್ನ ಕಡೆ ಹಿಡಿದರು. "ಬಿಚ್ಚೋಕ್ ಮುಂಚೆ ಇದುನ್ ಹೊಡಿ."

ಈಗ ಗಮನವಿಟ್ಟು ಓದಿ, ಅವತ್ತು ಮಾಡಿದ್ದನ್ನೇ ಆಮೇಲೆ ಯಾವಾಗಲೂ ಮಾಡಿದ್ದೇನೆ. ಗಾಡಿಯನ್ನು ಗಾಳಿಯಾಡುವ ಕಡೆಗೆ, ಬಾಗಿಲ ಬಳಿಗೆ ತಳ್ಳಿದೆ. ಎಂಜಿನ್ನು ತಣ್ಣಗಿದೆಯೇ ಎಂದು ಕೈಯಿಟ್ಟು ನೋಡಿದೆ. ದೇವರ ಮುಂದಿನ ದೀಪವನ್ನು ಆರಿಸಿದೆ. ಗೌರಮ್ಮಕ್ಕ ನೋಡುತ್ತಿದ್ದರು, ಬೇಡ ಎನ್ನಲಿಲ್ಲ. ಬೆಂಕಿ ಆರಿಸುವ ಪುಡಿಯ ಸಿಲಿಂಡರು ಕೈಗೆಟಕುವಲ್ಲಿ ಇಟ್ಟೆ. ಟ್ಯಾಂಕಿನ ಮುಚ್ಚಳ ತೆರೆದು ಒಳಗಿನ ಗಾಳಿ ಬಿಟ್ಟು ಮತ್ತೆ ಮುಚ್ಚಿದೆ. ಮೇಡಂ ಪುಸ್ತಕ ನೋಡಿ ತೋರಿಸಿದ ಪಂಪಿನ ಫ್ಯೂಸು ಕಿತ್ತು ಎಂಜಿನ್ನು ಸ್ಟಾರ್ಟ್ ಮಾಡಿದೆ. ಪಂಪು ಸತ್ತಿದೆ, ಆದರೆ ಪೈಪಿನಲ್ಲಿ ಉಳಿದಿದ್ದ ಪೆಟ್ರೋಲಿನಲ್ಲೇ ಎಂಜಿನ್ನು ಸ್ವಲ್ಪ ಹೊತ್ತು ಓಡಿತು, ತಡವರಿಸಿತು, ತಾನಾಗಿಯೇ ನಿಂತಿತು.

"ಉಸ್ರು ಬಿಡ್ತು," ಎಂದರು ಮುನಿಯಪ್ಪಣ್ಣ.

ಇನ್ನೊಮ್ಮೆ ಸೆಲ್ಫ್ ಸ್ಟಾರ್ಟ್ ಗುಂಡಿ ಒತ್ತಿ ಉಳಿದದ್ದನ್ನೂ ತೀರಿಸಿದೆ. ಬೀಗದ ಕೈ ತೆಗೆದು ಜೇಬಿಗೆ ಹಾಕಿಕೊಂಡು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದೆ. ಕನ್ನಡಕ, ಕೈಗವಸು ಹಾಕಿದೆ. ಗಂಟೆ ಹೊಡೆದೆ. ಮುನಿಯಪ್ಪಣ್ಣ ಎರಡು ಕೈಯಿಂದ ಸ್ಟೂಲು ಹಿಡಿದುಕೊಂಡರು. ಪೈಪಿನ ಜಾಯಿಂಟಿಗೆ ಬಟ್ಟೆ ಸುತ್ತಿ, ಮುಖ ಪಕ್ಕಕ್ಕೆ ತಿರುಗಿಸಿ, ಮೆಲ್ಲಗೆ ಎಳೆದೆ. ಬಟ್ಟೆಗೆ ಸ್ವಲ್ಪ ಪೆಟ್ರೋಲು ಇಂಗಿತು. ಅಷ್ಟೇ. ಪ್ರೆಷರ್ ಬಿಟ್ಟರೂ ಇಷ್ಟು ಬಂದೇ ಬರುತ್ತದೆ, ಅದಕ್ಕೇ ಬಟ್ಟೆ.

"ಬಿಚ್ಚು ಮತ್ತೆ, ಯಾಕ್ ತಡ?"

"ಬಿಚ್ಚಾಯ್ತಣ್ಣ."

ಅವರು ಸ್ಟೂಲಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಹೊಸ ಫಿಲ್ಟರಿನ ಮೇಲೆ ಬಾಣದ ಗುರುತಿರುತ್ತದೆ. ಅದು ಟ್ಯಾಂಕಿನ ಕಡೆಯಿಂದ ಎಂಜಿನ್ನಿನ ಕಡೆಗೆ ನೋಡುವ ಹಾಗೆ ಕೂರಿಸಿದೆ. ಹಳೆಯ ಕ್ಲಿಪ್ಪು ಬಿಸಾಡಿ ಹೊಸದು ಹಾಕಿದೆ. ಒದ್ದೆ ಬಟ್ಟೆಯನ್ನು ಹೊರಗೆ ಬಯಲಿಗೆ ಹಾಕಿದೆ. ಬ್ಯಾಟರಿ, ಫ್ಯೂಸು ಸಿಕ್ಕಿಸಿ, ಸ್ಟಾರ್ಟ್ ಮಾಡದೆ ಬೀಗದ ಕೈ ಮಾತ್ರ ಮತ್ತೆ ಮತ್ತೆ ಆನ್ ಆಫ್ ಮಾಡಿದೆ. ಝುಂಯ್ ಎಂದಿತು. ಜಾಯಿಂಟಿಗೆ ಬೆರಳಾಡಿಸಿದೆ, ಒಣಗಿತ್ತು. ಆಮೇಲೆ ಸ್ಟಾರ್ಟ್. ಗಾಡಿ ಬಿಕ್ಕಳಿಕೆ ಇಲ್ಲದೆ ಹಾಡಿತು. ವಸುಧಾ ಮೇಡಂ ಚಪ್ಪಾಳೆ ತಟ್ಟಿದರು. ಮುನಿಯಪ್ಪಣ್ಣ ಮಾತ್ರ, "ಇಷ್ಟಕ್ಕೆ ಇಷ್ಟೊತ್ತಾ?" ಎಂದರು.

ಪಟ್ಟಿ ಬಿಚ್ಚುವ ದಿನ ನಾನು ಆಸ್ಪತ್ರೆಯಲ್ಲಿ ಗೌರಮ್ಮಕ್ಕನ ಹಿಂದೆ ನಿಂತಿದ್ದೆ. ಡಾಕ್ಟರು ಮೆಲ್ಲಗೆ ಹತ್ತಿ ತೆಗೆದರು. ಕಣ್ಣು ಕೆಂಪಗಿತ್ತು, ನೀರು ಸುರಿಯುತ್ತಿತ್ತು. ಮುನಿಯಪ್ಪಣ್ಣ ರೆಪ್ಪೆ ಬಡಿದು ಹೆಂಡತಿಯನ್ನು ನೋಡಿದರು, ಆಮೇಲೆ ನನ್ನನ್ನು. ಬಹಳ ಹೊತ್ತು ನೋಡಿದರು.

"ಸೀನ, ನಿನ್ ತಲೆ ಬೋಳಾಗಿರೋದು ನೋಡೇ ಇರ್ಲಿಲ್ಲ ಕಣ್ಲಾ ನಾನು," ಎಂದರು.

ಗೌರಮ್ಮಕ್ಕ ನಕ್ಕರು, ಅತ್ತರು. ನಾನೂ ಅತ್ತೆ, ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ಒದ್ದದ್ದರ ಬಗ್ಗೆ ಮುನಿಯಪ್ಪಣ್ಣ ಒಂದು ಮಾತೂ ಆಡಲಿಲ್ಲ. ಅವತ್ತೂ ಆಡಲಿಲ್ಲ, ಆಮೇಲೆ ಬಹಳ ವರ್ಷವೂ ಆಡಲಿಲ್ಲ. ಕ್ಷಮಿಸಿದ್ದಾರೋ, ನುಂಗಿಕೊಂಡಿದ್ದಾರೋ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಕರ್ಪೂರ ಹೋಗಲಿಲ್ಲ, ಜಾಗ ಬದಲಾಯಿತು. ಬೆಳಿಗ್ಗೆ ಶಟರ್ ಎತ್ತುವ ಮುಂಚೆ, ರಸ್ತೆಯ ಕಡೆಯ ಮೆಟ್ಟಿಲಿನ ಮೇಲೆ, ಇಡೀ ದಿನದ ಎಲ್ಲ ಗಾಡಿಗಳಿಗೂ ಸೇರಿಸಿ ಒಂದೇ ಬಿಲ್ಲೆ. ಅದು ಪೂರ್ತಿ ಉರಿದು ಆರಿದ ಮೇಲೆ ಅಂಗಡಿ ತೆರೆಯುವುದು. ಅದರಾಚೆಗೆ ಗಂಟೆ. ಪೈಪು ಬಿಚ್ಚುವ ಮುಂಚೆ ಗಂಟೆ, ಮತ್ತೆ ಸಿಕ್ಕಿಸಿ ಒರೆಸಿದ ಮೇಲೆ ಇನ್ನೊಮ್ಮೆ ಗಂಟೆ. ಮೊದಲ ಗಂಟೆಗೆ ಪಳನಿ ವೆಲ್ಡಿಂಗ್ ನಿಲ್ಲಿಸುತ್ತಿದ್ದ, ಎರಡನೆಯದಕ್ಕೆ ಶುರು ಮಾಡುತ್ತಿದ್ದ. ಬೀಡಿ ಸೇದುತ್ತಾ ನಿಂತ ಗಿರಾಕಿಗಳು ರಸ್ತೆ ದಾಟಿ ಆಚೆ ಹೋಗುತ್ತಿದ್ದರು. ಹೊಸಬರು ಪೂಜೆಯೆಂದು ತಿಳಿದು ಚಪ್ಪಲಿ ಬಿಟ್ಟು ಕೈ ಮುಗಿದದ್ದೂ ಉಂಟು. ನಾವು ಬೇಡವೆನ್ನಲಿಲ್ಲ. ಎರಡೂ ಕೈ ಮುಗಿದವನು ಬೆಂಕಿಕಡ್ಡಿ ಗೀರುವುದಿಲ್ಲವಲ್ಲ.

ಗಂಟೆ ಬಂದ ಮೇಲೆ ಎಡವಟ್ಟುಗಳೇ ಆಗಲಿಲ್ಲ ಎಂದುಕೊಳ್ಳಬೇಡಿ. ನಮ್ಮಲ್ಲಿ ಕೆಲಸಕ್ಕಿದ್ದ ಒಬ್ಬ ಭೂಪ ಪಂಪಿನ ಫ್ಯೂಸೆಂದು ಹಾರ್ನಿನ ಫ್ಯೂಸು ಕಿತ್ತು, ಎಂಜಿನ್ನು ಈಗ ನಿಲ್ಲುತ್ತದೆ, ಆಗ ನಿಲ್ಲುತ್ತದೆ ಎಂದು ಕಾದ. ಒಂದು ಕಾಫಿ ಕುಡಿದ. ಗಾಡಿ ಬನಶಂಕರಿ ಬಸ್ ಸ್ಟ್ಯಾಂಡಿನ ಡ್ರೈವರ್ ಇಲ್ಲದ ಬಸ್ಸಿನ ಹಾಗೆ ನಿಂತಲ್ಲೇ ಗುರುಗುಟ್ಟುತ್ತಿತ್ತು. "ಟ್ಯಾಂಕ್ ಖಾಲಿಯಾಗೋವರ್ಗೂ ಕಾಯ್ತೀಯೇನ್ಲಾ?" ಎಂದು ಮುನಿಯಪ್ಪಣ್ಣ ಕೇಳಿದ ಮೇಲೆ ವಿಷಯ ಗೊತ್ತಾಯಿತು. ಎಂಜಿನ್ನು ತಾನಾಗಿ ಸಾಯಬೇಕು. ಸಾಯದಿದ್ದರೆ ನೀವು ಮುಟ್ಟಿದ್ದು ಬೇರೆ ಏನನ್ನೋ.

ಇನ್ನೊಂದು ಗಾಡಿ ಬಿಟಿಎಂ ಲೇಔಟಿನಿಂದ ಆಟೋದ ಹಿಂದೆ ಕಟ್ಟಿಸಿಕೊಂಡು ಬಂತು. ಯಾರೋ ಫಿಲ್ಟರು ಬದಲಾಯಿಸಿ ಹಳೇ ಕಾರ್ಬುರೇಟರ್ ಗಾಡಿಯ ಪೈಪು ಹಾಕಿದ್ದರು. ಆ ಪೈಪು ಈ ಒತ್ತಡಕ್ಕೆ ಹುಟ್ಟಿದ್ದಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಉಬ್ಬಿ, ಬಿರಿದು, ಬಿಸಿ ಎಂಜಿನ್ನಿನ ಮೇಲೆ ತೊಟ್ಟಿಕ್ಕತೊಡಗಿತ್ತು. ಓಡಿಸುತ್ತಿದ್ದವನು ವಾಸನೆ ಬಂದ ಕೂಡಲೇ ಗಾಡಿ ಆಫ್ ಮಾಡಿ ದೂರ ಓಡಿದ್ದ, ಬದುಕಿದ. ಅವನು ಮಾಡಿದ್ದೇ ಸರಿ. ಮತ್ತೊಬ್ಬ ಮಹಾನುಭಾವ ಫಿಲ್ಟರನ್ನು ಬಾಣಕ್ಕೆ ವಿರುದ್ಧವಾಗಿ ಹಾಕಿ, ಗಾಡಿ ಎಳೆಯುತ್ತಿಲ್ಲವೆಂದು ನನ್ನ ಮುಂದೆ ಕಂಪನಿಯನ್ನು ಬೈದ. ನಾನು ಬಾಣದ ಮೇಲೆ ಬೆರಳಿಟ್ಟೆ. "ಓ, ಅದು ಡಿಸೈನ್ ಅನ್ಕೊಂಡೆ ಗುರು," ಎಂದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ.

ಈಗಿನ ಬಹಳಷ್ಟು ಗಾಡಿಗಳಲ್ಲಿ ಫಿಲ್ಟರು ಹೊರಗೆ ಕಾಣುವುದೇ ಇಲ್ಲ, ಟ್ಯಾಂಕಿನೊಳಗೆ ಪಂಪಿನ ಜೊತೆಗೇ ಇರುತ್ತದೆ. ಕೆಲವಕ್ಕೆ ಬಿಡಿ ಫಿಲ್ಟರು ಸಿಗುವುದೂ ಇಲ್ಲ, ಪಂಪಿನ ಜೊತೆಯೇ ಬದಲಾಯಿಸಬೇಕು. ಆಗ ಟ್ಯಾಂಕ್ ಖಾಲಿ ಮಾಡಿ ಇಳಿಸಬೇಕು, ಪಂಪು ಕೂರುವ ಬಾಯಿಯ ರಬ್ಬರ್ ರಿಂಗು ಹೊಸದೇ ಹಾಕಬೇಕು. ತೆಗೆದ ಪೆಟ್ರೋಲನ್ನು ನೀರಿನ ಬಾಟಲಿಗೆ ತುಂಬಿ ಕಿಟಕಿಯಲ್ಲಿ ಇಟ್ಟರೆ ನಾನು ಮನೆಯಿಂದಲೇ ಎದ್ದು ಬಂದು ಹೊಡೆಯುತ್ತೇನೆ. ಪೆಟ್ರೋಲಿಗೆಂದೇ ಮಾಡಿದ ಮುಚ್ಚಳದ ಡಬ್ಬಿ ಇಟ್ಟುಕೊಳ್ಳಿ. ಒಂದು ಗಾಡಿಯ ಹಾಗೆ ಇನ್ನೊಂದಿಲ್ಲ, ಹಾಗಾಗಿ ಆ ಗಾಡಿಯ ಪುಸ್ತಕ ಓದಿ. ಫೋನಿನಲ್ಲಿ ವಿಡಿಯೋ ನೋಡುವುದಾದರೆ ಮೊದಲೇ ನೋಡಿ ಮುಗಿಸಿ. ಪೈಪು ಬಿಚ್ಚಿದ ಮೇಲೆ ಫೋನು ರಸ್ತೆಯಾಚೆಗೆ, ಬೀಡಿಯವರ ಜೊತೆ.

ಮುನಿಯಪ್ಪಣ್ಣ ಈಗ ಗ್ಯಾರೇಜಿಗೆ ಇಳಿಯುವುದಿಲ್ಲ. ಬೆನ್ನು ಬಾಗಿದೆ, ಕೆಲವು ವಿಷಯ ಮರೆಯುತ್ತಾರೆ, ಕೆಲವನ್ನು ಎರಡೆರಡು ಸಲ ಹೇಳುತ್ತಾರೆ. ಆದರೆ ಕಣ್ಣು ಚುರುಕಾಗಿದೆ. ಮಹಡಿಯ ಮೇಲಿಂದಲೇ ಕೆಳಗಿನ ಗಾಡಿಯ ಚೈನು ಸಡಿಲವಿದೆ ಎಂದು ಕೂಗುತ್ತಾರೆ. ಶುಕ್ರವಾರದ ಬೆಳಿಗ್ಗೆ ನಾನು, ಪಳನಿ ಸೇರಿ ಅವರನ್ನು ಬನಶಂಕರಿ ಗುಡಿಗೆ ಕರೆದುಕೊಂಡು ಹೋಗುತ್ತೇವೆ. ಹೋದ ತಿಂಗಳು ಹಾಗೇ ಹೋಗಿ ಸಾಲಿನಲ್ಲಿ ನಿಂತಿದ್ದೆವು. ಮಂಗಳಾರತಿಗೆ ದೊಡ್ಡ ಗಂಟೆ ಮೊಳಗತೊಡಗಿತು. ಮುನಿಯಪ್ಪಣ್ಣ ಬೆಚ್ಚಿ ನನ್ನ ತೋಳು ಹಿಡಿದರು.

"ಯಾವನ್ಲಾ ಪೈಪ್ ಬಿಚ್ತಿರೋದು? ಪಳ್ನಿ, ವೆಲ್ಡಿಂಗ್ ನಿಲ್ಸ್ಲಾ!"

ಸುತ್ತಲಿನವರು ತಿರುಗಿ ನೋಡಿದರು. ಪಳನಿ ಸ್ವಲ್ಪವೂ ನಗದೆ, "ನಿಲ್ಸಿದೀನಿ ಅಣ್ಣ," ಎಂದ. ಅರ್ಚಕರು ಉರಿಯುವ ಕರ್ಪೂರದ ತಟ್ಟೆ ಹಿಡಿದು ನಮ್ಮತ್ತ ಬಂದರು. ಮುನಿಯಪ್ಪಣ್ಣ ಒಂದು ಹೆಜ್ಜೆ ಹಿಂದೆ ಸರಿದು, ಬೆಂಕಿ ನೋಡುವ ಬದಲು ನೆಲ ನೋಡಿದರು.

"ಅಣ್ಣ, ಇದು ಗುಡಿ. ಇಲ್ಲಿ ಪೆಟ್ರೋಲ್ ಇಲ್ಲ, ತಗೊಳ್ಳಿ," ಎಂದೆ.

ಅವರಿಗೆ ಎಲ್ಲಿದ್ದೇವೆಂದು ಆಗ ನೆನಪಾಯಿತು. ಮುಂದೆ ಬಂದು ಕರ್ಪೂರದ ಮೇಲೆ ಎರಡೂ ಅಂಗೈ ಹಿಡಿದು, ಆ ಬಿಸಿಯನ್ನು ಕಣ್ಣಿಗೆ ಒತ್ತಿಕೊಂಡರು. ಒತ್ತಿಕೊಂಡೇ ನಿಂತರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಅವತ್ತು ಒದ್ದಿದ್ದು ಯಾವ ಕಾಲ್ಲಾ?"

"ಬಲಗಾಲು, ಅಣ್ಣ," ಎಂದೆ.

ಅವರು ಮತ್ತೆ ಆರತಿಗೆ ಕೈಯೊಡ್ಡಿದರು. ಬೆನ್ನು ಬಗ್ಗಿದಷ್ಟು ಬಗ್ಗಿ, ಬೆಚ್ಚಗಿನ ಆ ಎರಡು ಅಂಗೈಗಳನ್ನು ನನ್ನ ಬಲ ಮೊಣಕಾಲಿನ ಮೇಲೆ ಇಟ್ಟರು. ಹಿಂದಿನವರು ಬೇಗ ಬೇಗ ಎನ್ನುತ್ತಿದ್ದರು. ಅರ್ಚಕರು ತಟ್ಟೆ ಹಿಡಿದು ಕಾಯುತ್ತಿದ್ದರು, ನಾನು ಆರತಿ ತೆಗೆದುಕೊಳ್ಳುವುದನ್ನೇ ಮರೆತು ನಿಂತಿದ್ದೆ.